ಕೂಡಿಸುವುದೋ ಬಿಡಿಸುವುದೋ: ಸಮಾಸದ ನಡುವಣ ತೆರಪಿನ ಪ್ರಶ್ನೆ

ಪುಣೆಯ ಬಡಾವಣೆಗಳ ಹೆಸರುಗಳನ್ನು ಮರಾಠಿಯಲ್ಲಿ ಬರೆದಂತೆ ಓದುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸದಾಶಿವ ಪೇಠ, ಬುಧವಾರ ಪೇಠ, ಶನಿವಾರ ಪೇಠ ಎಂಬಲ್ಲಿ ಎರಡು ಪದಗಳ ನಡುವೆ ತೆರಪಿದೆ. ಶಿವಾಜೀನಗರ, ಸಹಕಾರನಗರ, ಗಣೇಶನಗರ ಎಂಬಲ್ಲಿ ಇಲ್ಲ. ಪೇಶ್ವೆಗಳು 1730ರಲ್ಲಿ ಅಡಿಗಲ್ಲಿಟ್ಟು ಕಟ್ಟಿಸಿದ ಅರಮನೆ ಮರಾಠಿಯಲ್ಲಿ ಶನಿವಾರವಾಡಾ ಎಂದು ಒಂದೇ ಪದ; ಇಂಗ್ಲಿಷಿಗೆ ಬಂದಾಗ ಬಹಳ ಕಡೆ ಎರಡಾಗುತ್ತದೆ. ಪಕ್ಕದ ಅವಳಿ ನಗರ ಪಿಂಪರಿ-ಚಿಂಚವಡಕ್ಕೆ ನಡುವೆ ಒಂದು ಗೆರೆ ಬೇಕು. ಊರಾಳುವ ಸಂಸ್ಥೆ ಮರಾಠಿಯಲ್ಲಿ ಮಹಾನಗರಪಾಲಿಕಾ ಎಂದು ಒಂದೇ ಉದ್ದ ಪದವಾದರೆ, ಕನ್ನಡದಲ್ಲಿ ನಾವು ಹೆಚ್ಚಾಗಿ ‘ಮಹಾನಗರ ಪಾಲಿಕೆ’ ಎಂದು ಬಿಡಿಸಿ ಬರೆಯುತ್ತೇವೆ. ಪದಗಳು ಅವೇ, ಅವುಗಳ ಸಂಬಂಧವೂ ಅದೇ, ಆದರೂ ಬರಹ ಬೇರೆ ಬೇರೆ. ಎರಡು ಪದ ಸೇರಿ ಒಂದಾದದ್ದನ್ನು ಕೂಡಿಸಿ ಬರೆಯಬೇಕೋ ಬಿಡಿಸಿ ಬರೆಯಬೇಕೋ ಎಂಬ ಪ್ರಶ್ನೆ ಇಂಗ್ಲಿಷಿನ ನಿಘಂಟುಕಾರರನ್ನು ನೂರಾರು ವರ್ಷಗಳಿಂದ ಕಾಡಿದೆ. ಆದರೆ ಅದು ಇಂಗ್ಲಿಷಿನದು ಮಾತ್ರವಲ್ಲ. ಅದರ ತೀರ ಹಳೆಯ ಚರ್ಚೆ ಸಂಸ್ಕೃತದಲ್ಲಿ ನಡೆದಿದೆ, ಆ ಚರ್ಚೆಯನ್ನು ಆಧುನಿಕ ಓದುಗರ ಕೈಗೆ ತಲುಪಿಸಿದ ಕೆಲಸದ ದೊಡ್ಡ ಪಾಲು ಪುಣೆಯಲ್ಲೇ ಆಗಿದೆ. ಮರಾಠಿ ತನ್ನ ಮಟ್ಟಿಗೆ ಕೆಲವು ನಿಯಮಗಳನ್ನು ಮಾಡಿಕೊಂಡಿದೆ. ಕನ್ನಡ ಮಾತ್ರ ಇನ್ನೂ ಮುದ್ರಕರ ಮತ್ತು ಲೇಖಕರ ಇಷ್ಟಕ್ಕೆ ಬಿಟ್ಟುಕೊಂಡು ಕುಳಿತಿದೆ.

ಈ ಬರಹದ ವಾದ ಇಷ್ಟು: ಒಂದು ಪದಗುಚ್ಛ ಸಮಾಸ ಹೌದೋ ಅಲ್ಲವೋ ಎಂಬುದನ್ನು ತೆರಪು ನಿರ್ಣಯಿಸುವುದಿಲ್ಲ. ಅದನ್ನು ಧ್ವನಿ ಮತ್ತು ಅರ್ಥಗಳು ಮೊದಲೇ ನಿರ್ಣಯಿಸಿರುತ್ತವೆ. ತೆರಪು ಓದುವ ಕಣ್ಣಿಗಾಗಿ ಮಾಡಿಕೊಂಡ ಏರ್ಪಾಡು. ಈ ಎರಡನ್ನು ಒಂದೇ ಎಂದು ಎಣಿಸಿದ್ದರಿಂದ ಹುಟ್ಟಿದ ಜಗಳಗಳೇ ಹೆಚ್ಚು.

ಅವಗ್ರಹದಿಂದ ಅಚ್ಚಿನ ಮೊಳೆಗೆ

ಬರಹದ ಇತಿಹಾಸದಲ್ಲಿ ಪದಗಳ ನಡುವೆ ಜಾಗ ಬಿಡುವುದು ತಡವಾಗಿ ಬಂದ ರೂಢಿ. ಗ್ರೀಕ್, ಲ್ಯಾಟಿನ್ ಹಸ್ತಪ್ರತಿಗಳನ್ನು ಬಹುಕಾಲ ಎಡೆಬಿಡದೆ ಬರೆಯುತ್ತಿದ್ದರು. ಪದವಿಂಗಡಣೆಯನ್ನು ಮೊದಲು ರೂಢಿಗೆ ತಂದವರು ಏಳನೆಯ ಶತಮಾನದ ಸುಮಾರಿಗೆ ಐರ್ಲೆಂಡಿನ ಸನ್ಯಾಸಿಗಳು ಎಂದು ಪಾಲ್ ಸೆಂಗರ್ 1997ರ ತಮ್ಮ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ. ಲ್ಯಾಟಿನ್ ಆ ಸನ್ಯಾಸಿಗಳ ಮನೆಮಾತಲ್ಲ. ಗೊತ್ತಿಲ್ಲದ ಭಾಷೆಯನ್ನು ಓದುವವರಿಗೆ ಪದದ ಎಲ್ಲೆ ಕಾಣಬೇಕಾಗುತ್ತದೆ. ನಮ್ಮಲ್ಲೂ ಹಲ್ಮಿಡಿ ಶಾಸನದಿಂದ ತಾಳೆಗರಿಗಳವರೆಗೆ ಅಕ್ಷರಗಳು ಸಾಲಾಗಿ ಹರಿಯುತ್ತವೆ, ಪದವನ್ನು ಕಂಡುಕೊಳ್ಳುವುದು ಓದುವವನ ಕೆಲಸ. ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ 1919ರಿಂದ 1966ರವರೆಗೆ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸಿತಲ್ಲ, ವಿ. ಎಸ್. ಸುಖಠಣಕರ್ ಮತ್ತು ಅವರ ನಂತರದ ಸಂಪಾದಕರ ಎದುರಿಗಿದ್ದ ಪ್ರತಿಗಳೂ ಈ ಬಗೆಯವೇ. ಎಲ್ಲಿ ಪದ ಮುಗಿಯಿತು, ಎಲ್ಲಿ ಸಮಾಸ ಶುರುವಾಯಿತು ಎಂಬುದು ಅಲ್ಲಿ ಸಂಪಾದಕನ ತೀರ್ಮಾನ. ಸಮಾಸವೆಂದು ಓದಿದರೆ ಒಂದು ಅರ್ಥ, ಬಿಡಿಸಿ ಓದಿದರೆ ಇನ್ನೊಂದು ಅರ್ಥ ಎಂಬ ಸಂದರ್ಭಗಳು ಪ್ರತಿ ಪುಟದಲ್ಲೂ ಎದುರಾಗಬಲ್ಲವು.

ಹಾಗೆಂದು ಪದದ ಎಲ್ಲೆಯ ಬಗ್ಗೆ ಹಿಂದಿನವರು ಯೋಚಿಸಿರಲಿಲ್ಲ ಎಂದಲ್ಲ. ವೇದದ ಪದಪಾಠ ಈ ಯೋಚನೆಯ ಸೂಕ್ಷ್ಮ ರೂಪ. ಶಾಕಲ್ಯನ ಹೆಸರಿನಲ್ಲಿ ಉಳಿದಿರುವ ಋಗ್ವೇದದ ಪದಪಾಠದಲ್ಲಿ ಸಂಧಿಯನ್ನು ಬಿಡಿಸಿ ಒಂದೊಂದು ಪದವನ್ನೂ ಬೇರೆಯಾಗಿ ಹೇಳುತ್ತಾರೆ. ಸಮಾಸ ಬಂದರೆ ಅದನ್ನು ಒಂದೇ ಪದವಾಗಿ ಎಣಿಸಿ, ಒಳಗಡೆ ಅವಗ್ರಹವೆಂಬ ಒಂದು ಸಣ್ಣ ತಡೆಯನ್ನಷ್ಟೇ ತೋರಿಸುತ್ತಾರೆ. ‘ಪುರೋಹಿತ’ ಅಲ್ಲಿ ಎರಡು ಪದವಲ್ಲ, ಒಳಗೆ ಗೆರೆಯಿರುವ ಒಂದು ಪದ. ಪೂರ್ಣ ಬಿಡುಗಡೆ, ಅರೆ ತಡೆ, ಪೂರ್ಣ ಕೂಡಿಕೆ ಎಂಬ ಮೂರು ಮೆಟ್ಟಿಲುಗಳು ಇಂಗ್ಲಿಷಿಗೆ ಹೈಫನ್ ಬರುವ ಎಷ್ಟೋ ಶತಮಾನಗಳ ಮೊದಲೇ, ಅದೂ ಬರಹದಲ್ಲಲ್ಲ, ಉಚ್ಚಾರದಲ್ಲಿ ಗೊತ್ತಾಗಿದ್ದವು. ಕಿವಿಗೆ ಸಿಕ್ಕ ವ್ಯತ್ಯಾಸವನ್ನು ಆಮೇಲೆ ಬರಹಕ್ಕೆ ಇಳಿಸಲಾಯಿತು. ಬರಹವನ್ನು ನೋಡಿ ಕಿವಿ ಕಲಿತದ್ದಲ್ಲ.

ಮರಾಠಿಗೆ ಅಚ್ಚಿನ ಶಿಸ್ತು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮೋಲ್ಸ್‌ವರ್ತನ ಮರಾಠಿ–ಇಂಗ್ಲಿಷ್ ನಿಘಂಟು 1831ರಲ್ಲೂ, ಪರಿಷ್ಕೃತವಾಗಿ 1857ರಲ್ಲೂ ಹೊರಬಂತು. ಅವನ ಜೊತೆ ದುಡಿದ ಥಾಮಸ್ ಕ್ಯಾಂಡಿ ಪುಣೆಯ ಪಾಠಶಾಲೆಯ ಆಡಳಿತವನ್ನೂ ನೋಡಿಕೊಂಡವನು. ಇಂಗ್ಲಿಷಿನ ವಿರಾಮಚಿಹ್ನೆಗಳು ಮರಾಠಿ ಅಚ್ಚಿಗೆ ಬರುವುದರಲ್ಲಿ ಅವನ ಪಾತ್ರ ದೊಡ್ಡದು. ಚಿಹ್ನೆಗಳ ಜೊತೆಗೇ ಪದವಿಂಗಡಣೆಯೂ ಅಚ್ಚುಕೂಟದ ಶಿಸ್ತಾಯಿತು. ಮೊಳೆ ಜೋಡಿಸುವವನು ಎಲ್ಲಿ ಜಾಗ ಬಿಡಬೇಕು ಎಂಬುದನ್ನು ಪ್ರತಿ ಸಾಲಿನಲ್ಲೂ ತೀರ್ಮಾನಿಸಲೇಬೇಕು, ಲಿಪಿಕಾರನಂತೆ ಅದನ್ನು ಓದುಗನಿಗೆ ಬಿಟ್ಟುಕೊಡಲಾರ. ವ್ಯಾಕರಣಕ್ಕೆ ಸೇರಿದ್ದ ಪ್ರಶ್ನೆ ಹೀಗೆ ಕಾಗುಣಿತದ ಪ್ರಶ್ನೆಯಾಯಿತು.

ಏಕಾರ್ಥೀಭಾವ ಮತ್ತು ವ್ಯಪೇಕ್ಷೆ

ಸಮಾಸ ಎಂದರೇನು ಎಂಬುದಕ್ಕೆ ಪಾಣಿನಿಯ ಪರಂಪರೆ ಕೊಟ್ಟ ಉತ್ತರ ಧ್ವನಿ, ರೂಪ, ಅರ್ಥ ಮೂರನ್ನೂ ಮುಟ್ಟುತ್ತದೆ. ಸಮಾಸದೊಳಗೆ ವಿಭಕ್ತಿ ಲೋಪವಾಗುತ್ತದೆ, ಇಡೀ ಸಮಾಸಕ್ಕೆ ಒಂದೇ ಸ್ವರ, ಅಂದರೆ ದನಿಯ ಏರು, ಇರುತ್ತದೆ, ಅರ್ಥದಲ್ಲಿ ಪದಗಳಿಗೆ ಪರಸ್ಪರ ಸಂಬಂಧವಿರಬೇಕು. ಈ ಕೊನೆಯ ಮಾತನ್ನು ಹೇಳುವ ‘ಸಮರ್ಥಃ ಪದವಿಧಿಃ’ ಎಂಬ ಸೂತ್ರದ ಮೇಲೆ ಪತಂಜಲಿ ಮಹಾಭಾಷ್ಯದಲ್ಲಿ ನಡೆಸಿದ ಚರ್ಚೆ ನಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು. ಮಹಾಭಾಷ್ಯವನ್ನು ಶಾಸ್ತ್ರೀಯವಾಗಿ ಸಂಪಾದಿಸಿ 1880ರಿಂದ 1885ರ ನಡುವೆ ಹೊರತಂದ ಫ್ರಾಂಜ್ ಕೀಲ್‌ಹಾರ್ನ್ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪಾಠ ಹೇಳಿದವನು. ಈ ಒಂದು ಸೂತ್ರದ ಭಾಗವನ್ನೇ ಇಂಗ್ಲಿಷಿಗೆ ಅನುವಾದಿಸಿ, ವಿವರಣೆಯೊಂದಿಗೆ 1968ರಲ್ಲಿ ಪುಣೆ ವಿಶ್ವವಿದ್ಯಾಲಯದಿಂದ ಪ್ರಕಟಿಸಿದವರು ಎಸ್. ಡಿ. ಜೋಶಿ.

ಅಲ್ಲಿ ಎರಡು ಪಕ್ಷಗಳಿವೆ. ಸಮಾಸದಲ್ಲಿ ಪದಗಳು ತಮ್ಮ ತಮ್ಮ ಅರ್ಥ ಬಿಟ್ಟುಕೊಟ್ಟು ಒಂದೇ ಅರ್ಥವಾಗಿ ಬೆರೆಯುತ್ತವೆ ಎನ್ನುವುದು ಏಕಾರ್ಥೀಭಾವ. ಅವು ತಮ್ಮ ಅರ್ಥ ಉಳಿಸಿಕೊಂಡೇ ಒಂದನ್ನೊಂದು ಬಯಸುತ್ತ ನಿಲ್ಲುತ್ತವೆ ಎನ್ನುವುದು ವ್ಯಪೇಕ್ಷೆ. ಇವುಗಳನ್ನು ಪರೀಕ್ಷಿಸುವ ದಾರಿಯೂ ಅಲ್ಲೇ ಸಿಗುತ್ತದೆ. ‘ರಾಜಪುರುಷ’ ಎಂಬ ಸಮಾಸದ ಹಿಂದೆ ‘ಶ್ರೀಮಂತನಾದ’ ಎಂಬ ವಿಶೇಷಣ ಇಟ್ಟರೆ ಅದು ಪುರುಷನಿಗೆ ಅಂಟಬೇಕು, ಒಳಗಿರುವ ರಾಜನಿಗೆ ಅಂಟಲಾಗದು. ಸಮಾಸದ ಬಾಗಿಲು ಮುಚ್ಚಿದ ಮೇಲೆ ಹೊರಗಿನ ಪದ ಒಳಗಿನ ಒಂದು ಭಾಗವನ್ನಷ್ಟೇ ಹಿಡಿಯುವಂತಿಲ್ಲ. ಆದರೆ ‘ದೇವದತ್ತನ ಗುರುಕುಲ’ ಎಂದರೆ ದೇವದತ್ತನಿಗೆ ಸಂಬಂಧ ಗುರುವಿನೊಡನೆ, ಕುಲದೊಡನೆ ಅಲ್ಲ. ಆದರೂ ಜನ ಹಾಗೆ ಆಡುತ್ತಾರೆ, ಅರ್ಥವೂ ಆಗುತ್ತದೆ. ಪತಂಜಲಿ ಇದನ್ನು ತಳ್ಳಿಹಾಕದೆ, ಅರ್ಥ ತಿಳಿಯುತ್ತದಾದ್ದರಿಂದ ಒಪ್ಪುತ್ತಾನೆ. ಮುಚ್ಚಿದ ಸಮಾಸಗಳೂ ಇವೆ, ಅರೆತೆರೆದ ಸಮಾಸಗಳೂ ಇವೆ ಎಂಬ ತಿಳಿವು ಇಲ್ಲಿದೆ.

ಈ ಪರೀಕ್ಷೆಯನ್ನು ಕನ್ನಡಕ್ಕೆ ಹಚ್ಚಿ ನೋಡಿದರೆ ಅದರ ಬಲ ಗೊತ್ತಾಗುತ್ತದೆ. ‘ದೊಡ್ಡ ತಲೆನೋವು’ ಎಂದರೆ ದೊಡ್ಡದಾಗಿರುವುದು ನೋವು, ತಲೆಯಲ್ಲ. ತಲೆನೋವು ಮುಚ್ಚಿದ ಸಮಾಸ. ‘ಸರಕಾರಿ ಶಾಲಾ ಮಕ್ಕಳು’ ಎಂದರೆ ಸರಕಾರಿ ಆಗಿರುವುದು ಶಾಲೆ, ಮಕ್ಕಳಲ್ಲ. ಹೊರಗಿನ ವಿಶೇಷಣ ಒಳಗೆ ಕೈಹಾಕಿ ಮೊದಲ ಪದವನ್ನು ಹಿಡಿದಿದೆ, ನಾವು ಅದನ್ನು ಸಲೀಸಾಗಿ ಒಪ್ಪಿದ್ದೇವೆ. ಹಾಗಾದರೆ ‘ತಲೆನೋವು’ ಎಂದು ಕೂಡಿಸಿ, ‘ಶಾಲಾ ಮಕ್ಕಳು’ ಎಂದು ಬಿಡಿಸಿ ಬರೆಯುವ ನಮ್ಮ ರೂಢಿ ಕುರುಡು ಅಭ್ಯಾಸವಲ್ಲ, ಅದರ ಹಿಂದೆ ಒಂದು ತಿಳಿವಳಿಕೆ ಕೆಲಸ ಮಾಡುತ್ತಿದೆ. ವ್ಯಾಕರಣ ಪಾಠದಲ್ಲಿ ಎರಡನ್ನೂ ತತ್ಪುರುಷ ಎಂದು ಒಂದೇ ಹೆಸರಿನಿಂದ ಕರೆದರೂ ಬರೆಯುವ ಕೈ ಅವುಗಳ ನಡುವೆ ಅಂತರ ಕಂಡುಕೊಂಡಿದೆ.

ಸಮಾಸಗಳನ್ನು ಎಲ್ಲಿಡಬೇಕು ಎಂಬ ತೊಂದರೆ ನಿಘಂಟುಕಾರರಿಗೆ ಇನ್ನೂ ದೊಡ್ಡದು. ಪುಣೆಯ ಫರ್ಗ್ಯುಸನ್ ಕಾಲೇಜಿನ ವಾಮನ ಶಿವರಾಮ ಆಪಟೆ 1890ರ ತಮ್ಮ ಸಂಸ್ಕೃತ–ಇಂಗ್ಲಿಷ್ ನಿಘಂಟಿನಲ್ಲಿ ಸಮಾಸಗಳನ್ನು ಮೊದಲ ಪದದ ಕೆಳಗೆ ಗುಂಪಾಗಿ ಕೊಟ್ಟರು. ಡೆಕ್ಕನ್ ಕಾಲೇಜು 1948ರಲ್ಲಿ ಐತಿಹಾಸಿಕ ಕ್ರಮದ ಸಂಸ್ಕೃತ ವಿಶ್ವಕೋಶ-ನಿಘಂಟಿನ ಕೆಲಸವನ್ನು ಕೈಗೆತ್ತಿಕೊಂಡಿತು. ಎಸ್. ಎಂ. ಕತ್ರೆ ಅದನ್ನು ಆರಂಭಿಸಿದರು, ಎ. ಎಂ. ಘಾಟಗೆ ಮೊದಲ ಸಂಪುಟಗಳನ್ನು ಸಂಪಾದಿಸಿದರು. 1976ರಿಂದ ಸಂಪುಟಗಳು ಬರುತ್ತಿದ್ದರೂ ದಶಕಗಳ ಕಾಲ ಅದು ‘ಅ’ಕಾರದ ಒಳಗೇ ಸುತ್ತಿತು. ಸಂಸ್ಕೃತದಲ್ಲಿ ‘ಅ’ ನಿಷೇಧವನ್ನು ಹೇಳುವ ಪೂರ್ವಪದ ಎಂಬುದನ್ನು ನೆನೆದರೆ ಇದು ಅರ್ಥವಾಗುತ್ತದೆ. ಯಾವ ನಾಮಪದದ ಹಿಂದೆಯಾದರೂ ಅದು ಬಂದು ಹೊಸ ಸಮಾಸ ಮಾಡಬಲ್ಲದು. ಸಮಾಸವನ್ನು ಒಂದು ಪದ ಎಂದು ಒಪ್ಪಿದ ಭಾಷೆಯ ಪದಕೋಶಕ್ಕೆ ಕೊನೆಯಿಲ್ಲ.

ಇಂಗ್ಲಿಷಿನ ಮೂರು ರೂಪ

ಇಂಗ್ಲಿಷಿನಲ್ಲಿ ಒಂದೇ ಬಗೆಯ ಸಮಾಸ ಮೂರು ವೇಷದಲ್ಲಿ ಕಾಣಿಸುತ್ತದೆ: ಬಿಡಿಸಿ, ಹೈಫನ್ ಇಟ್ಟು, ಕೂಡಿಸಿ. ಇದನ್ನು ವಿವರಿಸುವ ಹೆಸರಾದ ವಾದ ಬಳಕೆಯದು. ಹೊಸ ಸಮಾಸ ಮೊದಲು ಎರಡು ಪದವಾಗಿ ಹುಟ್ಟಿ, ಬಳಸುತ್ತ ಬಳಸುತ್ತ ನಡುವೆ ಗೆರೆ ಪಡೆದು, ಕೊನೆಗೆ ಒಂದಾಗುತ್ತದೆ. ‘ಟುಡೇ’, ‘ಟುಮಾರೋ’ ಎಂಬ ಪದಗಳನ್ನು ಇಪ್ಪತ್ತನೆಯ ಶತಮಾನದ ಮೊದಲ ಭಾಗದವರೆಗೂ ಹೈಫನ್ ಹಾಕಿ ಬರೆಯುತ್ತಿದ್ದರು. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ತನ್ನ ಶೈಲಿಪುಸ್ತಕದಲ್ಲಿ ‘ವೆಬ್‌ಸೈಟ್’ ಅನ್ನು 2010ರಲ್ಲಿ ಒಂದೇ ಪದ ಮಾಡಿತು, ‘ಈಮೇಲ್’ನ ಹೈಫನ್ನನ್ನು 2011ರಲ್ಲಿ ತೆಗೆಯಿತು. 2007ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ ಆರನೆಯ ಆವೃತ್ತಿ ಸುಮಾರು 16,000 ಹೈಫನ್‌ಗಳನ್ನು ಕೈಬಿಟ್ಟಾಗ ಈ ವಾದಕ್ಕೆ ಒಂದು ಪೆಟ್ಟೂ ಬಿತ್ತು. ಯಾಕೆಂದರೆ ಆ ಪದಗಳೆಲ್ಲ ಒಂದೇ ಕಡೆಗೆ ಸಾಗಲಿಲ್ಲ. ‘ಬಂಬಲ್‌ಬೀ’, ‘ಚಿಕ್‌ಪೀ’ ಕೂಡಿಕೊಂಡವು; ‘ಐಸ್ ಕ್ರೀಂ’, ‘ಫಿಗ್ ಲೀಫ್’ ಹಿಂದಿರುಗಿ ಎರಡಾದವು. ಐಸ್ ಕ್ರೀಮಿನಷ್ಟು ಬಳಕೆಯ ಪದ ಕೂಡಿಕೊಳ್ಳದೆ ಹಿಂದೆ ಸರಿದದ್ದನ್ನು ಬಳಕೆಯ ವಾದವೊಂದೇ ವಿವರಿಸಲಾರದು.

ಎರಡನೆಯ ವಾದ ಒತ್ತಿನದು. ಮೊದಲ ಪದದ ಮೇಲೆ ಒತ್ತು ಬಿದ್ದರೆ ಅದು ಸಮಾಸ, ಕೂಡಿಸಿ ಬರೆಯಬೇಕು ಎನ್ನುತ್ತದೆ ಇದು. ಶಾಲೆಯ ಬ್ಲ್ಯಾಕ್‌ಬೋರ್ಡಿಗೂ ಕಪ್ಪು ಹಲಗೆಗೂ ವ್ಯತ್ಯಾಸ ಹೀಗೆಯೇ ತಿಳಿಯುತ್ತದೆ, ನಿಜ. ಆದರೆ ‘ಆ್ಯಪಲ್ ಕೇಕ್’ನಲ್ಲಿ ಒತ್ತು ಮೊದಲ ಪದಕ್ಕೆ, ‘ಆ್ಯಪಲ್ ಪೈ’ನಲ್ಲಿ ಎರಡನೆಯದಕ್ಕೆ, ಬರಹದಲ್ಲಿ ಎರಡೂ ಬಿಡಿ ಬಿಡಿ. ಹೀಗೆ ಒಂದೊಂದು ನಿಯಮವೂ ಅರ್ಧ ದಾರಿಗೆ ನಿಲ್ಲುತ್ತದೆ. ಕ್ರಿಸ್ಟಿನಾ ಸ್ಯಾಂಚೆಝ್-ಸ್ಟಾಕ್‌ಹಾಮರ್ 2018ರಲ್ಲಿ ಇಂಗ್ಲಿಷ್ ಸಮಾಸಗಳ ಕಾಗುಣಿತವೊಂದನ್ನೇ ಹಿಡಿದು ಒಂದು ಗ್ರಂಥವನ್ನೇ ಬರೆಯಬೇಕಾಯಿತು. ಪದದ ಉದ್ದ, ವ್ಯಾಕರಣ ವರ್ಗ, ಬಳಕೆ ಇವೆಲ್ಲ ಸೇರಿ ಕೆಲಸ ಮಾಡುತ್ತವೆ ಎಂಬುದು ಇಂಥ ಅಧ್ಯಯನಗಳ ನೋಟ. ಗಿಡ್ಡ ಪದಗಳು ಬೇಗ ಕೂಡಿಕೊಳ್ಳುತ್ತವೆ, ಉದ್ದ ಪದಗಳು ಬಿಡಿಯಾಗಿ ಉಳಿಯುತ್ತವೆ. ಉದ್ದ ಎನ್ನುವುದು ಅರ್ಥದ ಗುಣವಲ್ಲ, ವ್ಯಾಕರಣದ ಗುಣವೂ ಅಲ್ಲ, ಕಣ್ಣಿಗೆ ಸಂಬಂಧಿಸಿದ್ದು.

ಓದುವ ಕಣ್ಣು ಹೇಳುವುದು

ಕಣ್ಣಿನ ಚಲನೆಯನ್ನು ಅಳೆಯುವ ಪ್ರಯೋಗಗಳು ಈ ಚರ್ಚೆಗೆ ತಂದ ಸಾಕ್ಷ್ಯ ಬೆಲೆಯುಳ್ಳದ್ದು. ಜರ್ಮನ್ ತನ್ನ ನಾಮಪದ ಸಮಾಸಗಳನ್ನೆಲ್ಲ ಕೂಡಿಸಿಯೇ ಬರೆಯುವ ಭಾಷೆ. ದನದ ಮಾಂಸದ ಚೀಟಿಗಳ ತಪಾಸಣೆಯ ಕುರಿತ ಕಾನೂನೊಂದರ ಹೆಸರು ಅಲ್ಲಿ 63 ಅಕ್ಷರಗಳ ಒಂದೇ ಪದವಾಗಿತ್ತು. 2013ರಲ್ಲಿ ಆ ಕಾನೂನು ರದ್ದಾಯಿತು. ಇನ್ಹಾಫ್, ರಾಡಾಕ್, ಹೆಲರ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜರ್ಮನ್ ಓದುಗರ ಮುಂದೆ ಉದ್ದ ಸಮಾಸಗಳನ್ನು ರೂಢಿಗೆ ವಿರುದ್ಧವಾಗಿ ಬಿಡಿಸಿ ಇಟ್ಟರು. ಬಿಡಿಸಿದಾಗ ಪದದ ಭಾಗಗಳನ್ನು ಗುರುತಿಸುವುದು ಸುಲಭವಾಯಿತು, ಅದೂ ಹಾಗೆ ಬರೆದದ್ದನ್ನು ಎಂದೂ ನೋಡಿರದವರಿಗೆ. ಆದರೆ ಆ ಭಾಗಗಳನ್ನು ಸೇರಿಸಿ ಒಟ್ಟರ್ಥ ಕಟ್ಟಿಕೊಳ್ಳುವಾಗ ತೊಡಕಾಯಿತು. ತೆರಪು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುತ್ತದೆ.

ಈ ಫಲಿತಾಂಶ ವೈಯಾಕರಣರ ಎರಡು ಪಕ್ಷಗಳಿಗೂ ನ್ಯಾಯ ಸಲ್ಲಿಸುತ್ತದೆ ಎಂಬುದು ನನ್ನ ಓದು. ಕೂಡಿಸಿದ ಬರಹ ಏಕಾರ್ಥೀಭಾವಕ್ಕೆ ಒದಗುತ್ತದೆ: ಇದೊಂದು ಇಡಿಯಾದ ಅರ್ಥ, ಒಡೆಯಬೇಡ ಎಂದು ಕಣ್ಣಿಗೆ ಹೇಳುತ್ತದೆ. ಬಿಡಿಸಿದ ಬರಹ ವ್ಯಪೇಕ್ಷೆಗೆ ಒದಗುತ್ತದೆ: ಭಾಗಗಳನ್ನು ನೋಡು, ಸಂಬಂಧವನ್ನು ನೀನೇ ಕಟ್ಟಿಕೋ ಎನ್ನುತ್ತದೆ. ಹಾಗಿದ್ದ ಮೇಲೆ ಯಾವುದು ಸರಿ ಎಂದು ಕೇಳುವ ಬದಲು ಯಾವ ಸಮಾಸಕ್ಕೆ ಯಾವ ಬಗೆಯ ಓದು ಬೇಕು ಎಂದು ಕೇಳುವುದೇ ಹೆಚ್ಚು ಫಲಕೊಡುತ್ತದೆ.

ಮರಾಠಿಯ ನಿಯಮ, ಪುಣೆಯ ಹೆಸರುಗಳು

ನಿಯಮ ಮಾಡಿಯೇ ಈ ಗೊಂದಲ ತೀರಿಸಬೇಕು ಎನ್ನುವವರು ಮರಾಠಿಯತ್ತ ಬೆರಳು ತೋರಿಸಬಹುದು. ಮರಾಠಿ ಸಾಹಿತ್ಯ ಮಹಾಮಂಡಳ ರೂಪಿಸಿದ ಶುದ್ಧಲೇಖನದ ನಿಯಮಗಳನ್ನು ಮಹಾರಾಷ್ಟ್ರ ಸರಕಾರ 1962ರಲ್ಲಿ ಒಪ್ಪಿಕೊಂಡಿತು. ಆಗ 14 ಇದ್ದವು, 1972ರಲ್ಲಿ ಇನ್ನೂ 4 ಸೇರಿ 18 ಆದವು. ಸಮಾಸಕ್ಕೆ ನೇರ ಸಂಬಂಧಿಸಿದ ಒಂದು ಕಟ್ಟಳೆ ಹೀಗಿದೆ: ‘ಪ್ರಾಣೀ’, ‘ವಿದ್ಯಾರ್ಥೀ’, ‘ಪಕ್ಷೀ’ ಮುಂತಾದ ಸಂಸ್ಕೃತ ಪದಗಳು ಸ್ವತಂತ್ರವಾಗಿ ಬಂದರೆ ಕೊನೆಯ ಸ್ವರ ದೀರ್ಘ, ಸಮಾಸದ ಪೂರ್ವಪದವಾಗಿ ಬಂದರೆ ಹ್ರಸ್ವ. ಕಾತ್ರಜದ ಮೃಗಾಲಯ ಮರಾಠಿಯಲ್ಲಿ ಪ್ರಾಣಿಸಂಗ್ರಹಾಲಯ, ಹ್ರಸ್ವ, ಒಂದೇ ಪದ. 1909ರಲ್ಲಿ ಹುಟ್ಟಿದ ಹೆಸರಾಂತ ಶಿಕ್ಷಣಸಂಸ್ಥೆ ‘ಪುಣೆ ವಿದ್ಯಾರ್ಥೀ ಗೃಹ’, ದೀರ್ಘ, ಬಿಡಿ ಪದ. ಒಂದು ತೆರಪು ಬಂದರೆ ಸ್ವರ ಉದ್ದವಾಗುತ್ತದೆ, ತೆರಪು ಹೋದರೆ ಗಿಡ್ಡವಾಗುತ್ತದೆ. ಆಡುವಾಗ ಕೇಳಿಸದ ವ್ಯತ್ಯಾಸ ಬರಹದಲ್ಲಿ ಕಾಗುಣಿತದ ತಪ್ಪು ಒಪ್ಪುಗಳಾಗಿ ನಿಲ್ಲುತ್ತದೆ. ಇಂಥ ನಿಯಮದಿಂದ ಏಕರೂಪತೆ ಬರುತ್ತದೆ, ಒಪ್ಪುತ್ತೇನೆ. ಆದರೆ ಕೂಡಿಸಬೇಕೋ ಬಿಡಿಸಬೇಕೋ ಎಂಬ ಮೂಲ ಪ್ರಶ್ನೆಗೆ ಅದು ಉತ್ತರ ಕೊಡಲಿಲ್ಲ. ಕೂಡಿಸಿದರೆ ಹೀಗೆ, ಬಿಡಿಸಿದರೆ ಹಾಗೆ ಎಂದಷ್ಟೇ ಹೇಳಿತು.

ಪೇಠ ಮತ್ತು ನಗರಗಳ ವ್ಯತ್ಯಾಸವೂ ಇಲ್ಲಿ ವಿಚಾರಕ್ಕೆ ಬರುತ್ತದೆ. ‘ನಗರ’ ಎನ್ನುವುದು ಇಂದು ಬಡಾವಣೆಯ ಹೆಸರು ಕಟ್ಟುವ ಪ್ರತ್ಯಯದಂತಾಗಿದೆ. ಗಣೇಶನಗರ ಎನ್ನುವವರು ನಗರವೊಂದನ್ನು ಮನಸ್ಸಿಗೆ ತಂದುಕೊಳ್ಳುವುದಿಲ್ಲ. ‘ಪೇಠ’ ಹಾಗಲ್ಲ, ಅದು ಊರಿನ ಆಡಳಿತ ಮತ್ತು ವ್ಯಾಪಾರದ ಘಟಕವಾಗಿ ತನ್ನ ಅರ್ಥವನ್ನು ಇನ್ನೂ ಹೊತ್ತಿದೆ. ಬರೀ ‘ಪೇಠ’ ಎಂದರೂ ಪುಣೆಯಲ್ಲಿ ಅರ್ಥವಾಗುತ್ತದೆ. ಅರ್ಥ ಉಳಿಸಿಕೊಂಡ ಪದ ದೂರ ನಿಂತಿತು, ಅರ್ಥ ಸವೆದ ಪದ ಅಂಟಿಕೊಂಡಿತು. ಯಾವ ಮಂಡಳಿಯೂ ಕೂತು ಇದನ್ನು ತೀರ್ಮಾನಿಸಿದ್ದಲ್ಲ.

ಪಕ್ಕದ ಹಿಂದಿಯನ್ನೂ ನೋಡಬೇಕು. ಅಲ್ಲಿ ನಾಮಪದದ ಮುಂದಿನ ವಿಭಕ್ತಿಯನ್ನು ಬಿಡಿಸಿ, ಸರ್ವನಾಮದ ಮುಂದಿನದನ್ನು ಕೂಡಿಸಿ ಬರೆಯುತ್ತಾರೆ: ‘ರಾಮ್ ಕೋ’ ಎರಡು, ‘ಉಸಕೋ’ ಒಂದು. ಮರಾಠಿ ಎಲ್ಲವನ್ನೂ ಕೂಡಿಸುತ್ತದೆ. ಪುಣೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಗು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಎಂಬ ನಾಲ್ಕು ಭಾಷೆಗಳ ಜೊತೆ ನಾಲ್ಕು ಬಗೆಯ ತೆರಪಿನ ರೂಢಿಗಳನ್ನೂ ಕಲಿಯುತ್ತದೆ. ಪಠ್ಯಪುಸ್ತಕಗಳು ಈ ಮಾತನ್ನು ಎಲ್ಲೂ ಎತ್ತುವುದಿಲ್ಲ, ಮಕ್ಕಳ ತಪ್ಪುಗಳಿಗೆ ಮಾತ್ರ ಕೆಂಪುಗೆರೆ ಬೀಳುತ್ತದೆ.

ಕನ್ನಡದ ಕಿವಿ, ಕನ್ನಡದ ಲಿಪಿ

ಕನ್ನಡ ವ್ಯಾಕರಣ ಪರಂಪರೆ ಹದಿಮೂರನೆಯ ಶತಮಾನದ ಕೇಶಿರಾಜನಿಂದಲೂ ಸಮಾಸಗಳನ್ನು ಸಂಸ್ಕೃತದ ಹೆಸರುಗಳಲ್ಲಿ ವಿಂಗಡಿಸುತ್ತ, ಕನ್ನಡದ್ದೇ ಆದ ಕ್ರಿಯಾಸಮಾಸ, ಗಮಕಸಮಾಸಗಳನ್ನೂ ಸೇರಿಸುತ್ತ ಬಂದಿದೆ. ‘ಆ ಮನೆ’ ಎಂಬುದು ಈ ಲೆಕ್ಕದಲ್ಲಿ ಗಮಕಸಮಾಸ, ಆದರೆ ಅದನ್ನು ಇಂದು ಯಾರೂ ಕೂಡಿಸಿ ಬರೆಯುವುದಿಲ್ಲ. ಕೆಲಕಾಲ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿಸಿದ ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಕೃತಿಯಲ್ಲಿ, ಸಂಸ್ಕೃತದ ಚೌಕಟ್ಟು ಕನ್ನಡದ ರಚನೆಗಳಿಗೆ ಹೊಂದುವುದಿಲ್ಲ ಎಂದು ವಾದಿಸಿದರು. ಅವರ ಎಲ್ಲ ನಿಲುವುಗಳನ್ನು ಒಪ್ಪದವರೂ ಈ ವಿಷಯದಲ್ಲಿ ಅವರ ಮಾತಿಗೆ ಕಿವಿಗೊಡಬೇಕು. ಸಂಸ್ಕೃತದಲ್ಲಿ ವಿಶೇಷಣಕ್ಕೆ ಲಿಂಗ, ವಚನ, ವಿಭಕ್ತಿಗಳಿವೆ. ಸಮಾಸವಾದಾಗ ಅವು ಬಿದ್ದುಹೋಗುವುದರಿಂದ ಸಮಾಸ ಎದ್ದು ಕಾಣುತ್ತದೆ. ಕನ್ನಡದ ‘ಹೊಸ’, ‘ಹಳೆ’, ‘ಆ’, ‘ಈ’ಗಳಿಗೆ ಬೀಳಲು ಯಾವ ವಿಭಕ್ತಿಯೂ ಇಲ್ಲ. ‘ಹೊಸ ಮನೆ’ ಪದಗುಚ್ಛವೋ ಸಮಾಸವೋ ಎಂಬುದನ್ನು ರೂಪ ನೋಡಿ ಹೇಳಲು ಬರುವುದಿಲ್ಲ.

ಹಾಗಾದರೆ ಕನ್ನಡದಲ್ಲಿ ಗುರುತು ಯಾವುದು? ಮೊದಲನೆಯದು ಧ್ವನಿ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಹೊಸ ಮತ್ತು ಕನ್ನಡ ಸೇರಿ ಹೊಸಗನ್ನಡ, ಕಣ್ ಮತ್ತು ಪನಿ ಸೇರಿ ಕಂಬನಿ. ಇಲ್ಲಿ ಆದೇಶಸಂಧಿ ನಡೆದಿದೆ, ‘ಗಾಲ’, ‘ಗನ್ನಡ’, ‘ಬನಿ’ಗಳಿಗೆ ಹೊರಗೆ ಬದುಕಿಲ್ಲ. ಇವನ್ನು ಬಿಡಿಸಿ ಬರೆಯುವ ಮಾತೇ ಇಲ್ಲ. ಎರಡನೆಯದು ಅರ್ಥದ ಪಲ್ಲಟ. ‘ಕೈ ಕೊಡು’ ಎಂದರೆ ಕೈ ಚಾಚುವುದು, ‘ಕೈಕೊಡು’ ಎಂದರೆ ನಂಬಿದವರನ್ನು ನಡುನೀರಿನಲ್ಲಿ ಬಿಡುವುದು. ‘ಬಾಯಿ ಬಿಡು’ ಎಂದು ದಂತವೈದ್ಯರು ಹೇಳುತ್ತಾರೆ, ‘ಬಾಯಿಬಿಡು’ ಎಂದು ಪೊಲೀಸರು ಹೇಳುತ್ತಾರೆ. ಮೊದಲಿನವುಗಳಲ್ಲಿ ‘ಕೈಯನ್ನು’, ‘ಬಾಯಿಯನ್ನು’ ಎಂದು ವಿಭಕ್ತಿ ತೂರಿಸಬಹುದು. ಎರಡನೆಯವುಗಳಲ್ಲಿ ತೂರಿಸಿದರೆ ಅರ್ಥವೇ ಹಾರಿಹೋಗುತ್ತದೆ. ಇಲ್ಲಿ ತೆರಪು ನಿಜವಾಗಿಯೂ ಅರ್ಥವನ್ನು ಕಾಯುತ್ತದೆ, ಆದ್ದರಿಂದ ಇಲ್ಲಿ ಉದಾಸೀನ ಸಲ್ಲದು. ನಿತ್ಯದ ಅಚ್ಚಿನಲ್ಲಿ ಈ ಜೋಡಿಗಳನ್ನು ಬೆರೆಸಿಬಿಡುವುದನ್ನು ಕಂಡಾಗ ಭಾಷೆ ತಾನಾಗಿ ಮಾಡಿಕೊಂಡ ಒಂದು ಸೂಕ್ಷ್ಮ ಏರ್ಪಾಡನ್ನು ನಾವು ಕೈಯಾರೆ ಕಳೆದುಕೊಳ್ಳುತ್ತಿದ್ದೇವೆ ಎಂದು ನೋವಾಗುತ್ತದೆ.

ಸಂಸ್ಕೃತದಿಂದ ಬಂದ ಸಮಾಸಗಳದು ಇನ್ನೊಂದು ಕತೆ. ಮರಾಠಿಯಲ್ಲಿ ಸಮಾಸದೊಳಗೆ ಸ್ವರ ಗಿಡ್ಡವಾದರೆ ಕನ್ನಡದಲ್ಲಿ ಉದ್ದವಾಗುತ್ತದೆ. ಬಿಡಿಯಾಗಿ ‘ನದಿ’, ‘ಲಕ್ಷ್ಮಿ’, ‘ಭಾಷೆ’, ‘ಮಹಿಳೆ’. ಸಮಾಸದಲ್ಲಿ ‘ನದೀತೀರ’, ‘ಲಕ್ಷ್ಮೀಪತಿ’, ‘ಭಾಷಾಶಾಸ್ತ್ರ’, ‘ಮಹಿಳಾಮಂಡಲ’. ಸ್ವರ ಉದ್ದವಾದದ್ದೇ ಸಮಾಸದ ಮುದ್ರೆ. ಆದರೆ ನಾವು ‘ಮಹಿಳಾ ಸಂಘ’, ‘ಪರೀಕ್ಷಾ ಕೇಂದ್ರ’, ‘ಭಾಷಾ ನೀತಿ’ ಎಂದು ಧಾರಾಳವಾಗಿ ಬಿಡಿಸಿ ಬರೆಯುತ್ತೇವೆ. ‘ಮಹಿಳಾ’, ‘ಪರೀಕ್ಷಾ’ ಎಂಬ ರೂಪಗಳು ಕನ್ನಡದಲ್ಲಿ ಒಂಟಿಯಾಗಿ ನಿಲ್ಲುವುದೇ ಇಲ್ಲ, ಇನ್ನೊಂದು ಪದದ ಆಸರೆ ಬೇಕು. ಆದರೂ ಅವುಗಳ ಮುಂದೆ ಜಾಗವಿದೆ. ತೆರಪು ಇದ್ದ ಮಾತ್ರಕ್ಕೆ ಎರಡು ಸ್ವತಂತ್ರ ಪದ ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ.

ಧ್ವನಿ, ಅರ್ಥಗಳ ಜೊತೆಗೆ ಲಿಪಿಯ ಒತ್ತಡವೂ ಇದೆ. ಕನ್ನಡ ಲಿಪಿಯಲ್ಲಿ ವ್ಯಂಜನದಿಂದ ಮುಗಿದ ಪದಕ್ಕೆ ವ್ಯಂಜನದ ಪದವನ್ನು ಕೂಡಿಸಿದರೆ ಒತ್ತಕ್ಷರ ಬೀಳುತ್ತದೆ. ‘ಬಸ್ ಸ್ಟಾಪ್’ ಅನ್ನು ನಿಜವಾಗಿ ಕೂಡಿಸಿದರೆ ಒತ್ತಿನ ಮೇಲೆ ಒತ್ತು ಬಂದು ಓದಲಾಗದ ಗಂಟಾಗುತ್ತದೆ. ಅದನ್ನು ತಪ್ಪಿಸಲು ಇಂದು ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆಯನ್ನು ನಡುವೆ ಇಡಬೇಕು, ಇಲ್ಲವೇ ಜಾಗ ಬಿಡಬೇಕು. ಸ್ವರ ಎದುರಾದರೆ ನೇರ ಬೆಸೆದುಕೊಳ್ಳುತ್ತದೆ: ಪೋಸ್ಟ್ ಆಫೀಸು ಜನರ ಬಾಯಲ್ಲಿ ಪೋಸ್ಟಾಫೀಸು ಆಗಿ, ಬರಹದಲ್ಲೂ ಹಾಗೇ ನಿಂತಿತು. ಇಂಗ್ಲಿಷಿನಲ್ಲಿ ಎರಡು ಪದವಾಗಿರುವ ಹೈಸ್ಕೂಲು, ಹೈಕೋರ್ಟು ಕನ್ನಡದಲ್ಲೂ ಮರಾಠಿಯಲ್ಲೂ ಒಂದೇ ಪದ. ‘ಸುಪ್ರೀಂ ಕೋರ್ಟ್’ ಮಾತ್ರ ಎರಡು. ‘ಹೈ’ ಗಿಡ್ಡದು, ಸ್ವರದಿಂದ ಮುಗಿಯುವಂಥದು, ಸುಲಭವಾಗಿ ಅಂಟುತ್ತದೆ. ಎರವಲು ಪದಗಳನ್ನು ಮೂಲದಂತೆಯೇ ಬರೆಯಬೇಕು ಎಂಬ ವಾದ ಇಲ್ಲಿ ಮುರಿದುಬೀಳುತ್ತದೆ. ನಮ್ಮ ಕಿವಿ ಮತ್ತು ಲಿಪಿ ಅವುಗಳನ್ನು ತಮ್ಮ ಲೆಕ್ಕದಲ್ಲಿ ಮತ್ತೆ ಕಟ್ಟಿಕೊಂಡಿವೆ.

ಇವೆಲ್ಲ ಸೇರಿದಾಗ ನನಗೆ ಕಾಣುವ ಕ್ರಮ ಹೀಗಿದೆ: ಧ್ವನಿ ಬದಲಾದಲ್ಲಿ ಕೂಡಿಸಲೇಬೇಕು, ಅರ್ಥ ಪಲ್ಲಟವಾದಲ್ಲಿ ಕೂಡಿಸಬೇಕು, ಹೊರಗಿನ ವಿಶೇಷಣ ಒಳಗಿನ ಪದವನ್ನು ಹಿಡಿಯಬಲ್ಲದಾದರೆ ಬಿಡಿಸಬೇಕು, ಉಳಿದದ್ದನ್ನು ಉದ್ದ ಮತ್ತು ಓದಿನ ಅನುಕೂಲಕ್ಕೆ ಬಿಡಬೇಕು. ಈ ಮೆಟ್ಟಿಲುಗಳಲ್ಲಿ ಮೇಲಿನದು ಕೆಳಗಿನದನ್ನು ಮೀರುತ್ತದೆ.

ಆಕ್ಷೇಪಗಳು

ಸಂಸ್ಕೃತ ಸಮಾಸಗಳನ್ನು ಬಿಡಿಸುವುದು ವ್ಯಾಕರಣದ್ರೋಹ, ‘ಮಹಿಳಾ ಸಂಘ’ ಎಂಬುದೇ ತಪ್ಪು ಎನ್ನುವವರಿದ್ದಾರೆ. ಇವರ ಕಾಳಜಿಯನ್ನು ಗೌರವಿಸಬೇಕು. ಆದರೆ ಸಮಾಸವನ್ನು ಒಂದೇ ಪದವೆಂದು ಒಪ್ಪಿದ ಪದಪಾಠಕಾರರೇ ಅದರೊಳಗೆ ತಡೆಯನ್ನೂ ತೋರಿಸಿದರಲ್ಲ! ಪದತ್ವ ಬೇರೆ, ಒಳಗಿನ ಜೋಡಣೆಯನ್ನು ಕಾಣಿಸುವುದು ಬೇರೆ. ಇನ್ನೊಂದು ತುದಿಯಲ್ಲಿ, ಎಲ್ಲವನ್ನೂ ಬಿಡಿಸಿಬಿಟ್ಟರೆ ಮಕ್ಕಳಿಗೂ ಹೊಸದಾಗಿ ಕನ್ನಡ ಕಲಿಯುವವರಿಗೂ ಸುಲಭ ಎನ್ನುವವರಿದ್ದಾರೆ. ಭಾಗಗಳನ್ನು ಗುರುತಿಸುವ ಮಟ್ಟಿಗೆ ಇದು ನಿಜ. ಆದರೆ ಜರ್ಮನ್ ಪ್ರಯೋಗ ತೋರಿಸಿದಂತೆ ಗುರುತಿಸಿದ ಮಾತ್ರಕ್ಕೆ ಓದು ಮುಗಿಯುವುದಿಲ್ಲ. ‘ಹೊಟ್ಟೆಕಿಚ್ಚು’ ಎಂಬುದನ್ನು ಒಡೆದಿಟ್ಟರೆ ಮಗುವಿಗೆ ಹೊಟ್ಟೆ ಸಿಗುತ್ತದೆ, ಕಿಚ್ಚು ಸಿಗುತ್ತದೆ, ಅಸೂಯೆ ಸಿಗುವುದಿಲ್ಲ.

ಹಾಗಾದರೆ ಹೈಫನ್ ಬಳಸಿ ನಡುದಾರಿ ಹಿಡಿಯಬಾರದೇ ಎಂಬ ಪ್ರಶ್ನೆ ಬರುತ್ತದೆ. ತಾಯಿ-ಮಗು, ಹಗಲು-ರಾತ್ರಿ ಎಂಬಂಥ ದ್ವಂದ್ವಗಳಲ್ಲಿ ಅದು ಚೆನ್ನಾಗಿ ಹೊಂದುತ್ತದೆ, ಸಮಾನ ತೂಕದ ಎರಡು ಪದಗಳನ್ನು ತೋರಿಸುತ್ತದೆ. ಪಿಂಪರಿ-ಚಿಂಚವಡ ಕೂಡ ಅಂಥದೇ ದ್ವಂದ್ವ. ತತ್ಪುರುಷದಲ್ಲಿ ಒಂದು ಪದ ಮುಖ್ಯ, ಇನ್ನೊಂದು ಅಧೀನ. ಅಲ್ಲಿ ಗೆರೆ ಆ ಮೇಲುಕೆಳಗನ್ನು ಮರೆಸುತ್ತದೆ. ಆದ್ದರಿಂದ ಗೆರೆಯನ್ನು ದ್ವಂದ್ವಕ್ಕೇ ಮೀಸಲಿಡುವುದು ಒಳ್ಳೆಯದು ಎಂದು ನನ್ನ ಅನಿಸಿಕೆ.

ಇನ್ನೂ ತೀರದ್ದು

ಮೊದಲನೆಯದಾಗಿ, ಜರ್ಮನ್ ಓದುಗರ ಕಣ್ಣು ಹೇಳಿದ್ದು ಕನ್ನಡದ ಕಣ್ಣಿಗೆ ಎಷ್ಟು ಅನ್ವಯಿಸುತ್ತದೆ ಎಂಬುದು ತೆರೆದ ಪ್ರಶ್ನೆ. ಒತ್ತಕ್ಷರ ಕೆಳಗೆ, ಗುಣಿತ ಪಕ್ಕದಲ್ಲಿ ಮತ್ತು ಮೇಲೆ ಬರುವ ನಮ್ಮ ಲಿಪಿಯಲ್ಲಿ ಪದದ ಉದ್ದವನ್ನು ಅಕ್ಷರಗಳಲ್ಲಿ ಅಳೆಯಬೇಕೋ, ಕಣ್ಣು ದಾಟುವ ಅಗಲದಲ್ಲಿ ಅಳೆಯಬೇಕೋ? ಎರಡನೆಯದು ಕ್ರಿಯಾಪದಗಳದು. ‘ಬಂದುಬಿಟ್ಟ’, ‘ಬಂದು ಬಿಟ್ಟ’. ‘ನೋಡಿಕೊಂಡು’, ‘ನೋಡಿ ಕೊಂಡು’. ಇಲ್ಲಿ ಎರಡನೆಯ ಕ್ರಿಯೆಯ ಅರ್ಥ ಎಷ್ಟು ಸವೆದಿದೆ ಎಂಬುದರ ಮೇಲೆ ಬರಹ ನಿಲ್ಲಬೇಕು, ಆ ಸವಕಲನ್ನು ಅಳೆಯುವ ಒಪ್ಪಿತ ದಾರಿ ಇನ್ನೂ ಇಲ್ಲ. ಮೂರನೆಯದು ಆಡಳಿತದ ಹೆಸರುಗಳದು: ಐದಾರು ಪದಗಳ ಇಲಾಖೆ, ನಿಗಮ, ಪ್ರಾಧಿಕಾರಗಳ ಹೆಸರಿನಲ್ಲಿ ಯಾವ ಎರಡು ಪದ ಮೊದಲು ಸೇರಿದವು ಎಂದು ಬಿಡಿ ಬರಹ ಹೇಳುವುದಿಲ್ಲ, ಕೂಡಿಸಿದ ಬರಹವನ್ನು ಓದಲಾಗದು.

ಕಂಪ್ಯೂಟರಿನಲ್ಲಿ ಹುಡುಕುವವರಿಗೆ ಈ ಪ್ರಶ್ನೆ ದಿನನಿತ್ಯದ ತೊಡಕಾಗಿದೆ. ‘ಮಹಾನಗರಪಾಲಿಕೆ’ ಎಂದು ಹುಡುಕಿದರೆ ‘ಮಹಾನಗರ ಪಾಲಿಕೆ’ ಸಿಗಬೇಕೇ? ಕಣ್ಣಿಗೆ ಕಾಣದ ಚಿಹ್ನೆ ನಡುವೆ ಕೂತಿರುವ ‘ಬಸ್‌ಸ್ಟಾಪ್’ ಮತ್ತು ಜಾಗ ಬಿಟ್ಟಿರುವ ‘ಬಸ್ ಸ್ಟಾಪ್’ ಒಂದೇ ಎಂದು ಯಂತ್ರಕ್ಕೆ ಹೇಳುವವರು ಯಾರು? ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಮುಗಿಯಿತು, ಆಗ ಈ ಪ್ರಶ್ನೆ ಎದುರಿಗಿರಲಿಲ್ಲ. ಮುಂದಿನ ಪರಿಷ್ಕರಣೆಯಲ್ಲಿ ಸಮಾಸಗಳ ಉಲ್ಲೇಖಪದಗಳಿಗೆ ಕೂಡು ರೂಪ, ಬಿಡಿ ರೂಪ ಎರಡನ್ನೂ ಕೊಡುವುದೋ, ಒಂದನ್ನು ಆರಿಸುವುದೋ, ಆರಿಸಿದರೆ ಯಾರ ಬಳಕೆಯನ್ನು ಆಧಾರವಾಗಿಟ್ಟುಕೊಳ್ಳುವುದೋ ಎಂಬುದನ್ನು ಸಂಪಾದಕರು ತೀರ್ಮಾನಿಸಬೇಕಾಗುತ್ತದೆ.